ಚಮಚದಲ್ಲಿ ಕುಡಿದ ವೈನು

ನಾನು ನಾಲ್ಕು ಊರುಗಳಲ್ಲಿ ವೈನ್ ಕುಡಿದವಳು. ಹೀಗೆಂದ ಕೂಡಲೇ ಕೇಳಿದವರು ನನ್ನ ಹಣೆಯ ವಿಭೂತಿಯನ್ನೂ ನೆರೆತ ತಲೆಯನ್ನೂ ಒಮ್ಮೆ ನೋಡಿ, ಲಂಡನ್ನೋ ಪ್ಯಾರಿಸ್ಸೋ ಎಂದು ಊಹಿಸತೊಡಗುತ್ತಾರೆ. ಅಲ್ಲ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಈ ನಾಲ್ಕೂ ಊರುಗಳಲ್ಲಿ ಕುಡಿದದ್ದನ್ನೆಲ್ಲ ಒಟ್ಟಿಗೆ ಸುರಿದರೂ ಒಂದು ಕಾಫಿ ಲೋಟ ತುಂಬಲಿಕ್ಕಿಲ್ಲ. ಹೆಚ್ಚುಕಡಿಮೆ ಎಲ್ಲವನ್ನೂ ಚಮಚದಲ್ಲೇ ಕುಡಿಸಿದರು. ಹಗಲು ಹೊತ್ತಿನಲ್ಲಿ, ಕುರ್ಚಿಯ ಮೇಲೆ ಕೂತು, ಒಂದೇ ಒಂದು ಗ್ಲಾಸ್ ವೈನನ್ನು ರೋಗಿಯಂತಲ್ಲದೆ ನೆಟ್ಟಗಿರುವ ಮನುಷ್ಯಳಂತೆ ಕುಡಿಯಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಅದೇನು ದೊಡ್ಡ ಆಸೆಯೆ? ವಜ್ರದ ಓಲೆ ಕೇಳಿದೆನೆ? ಆ ಸಿಟ್ಟು ಈ ವಯಸ್ಸಿನಲ್ಲೂ ಪೂರ್ತಿ ಆರಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಆಸೆ ಹುಟ್ಟಿಸಿದವರು ಕಾನ್ವೆಂಟಿನ ಸಿಸ್ಟರುಗಳು. ನಾನು ಅಲ್ಲಿ ಬೋರ್ಡಿಂಗಿನಲ್ಲಿದ್ದೆ. ಕ್ರಿಸ್‌ಮಸ್ಸಿಗೆ ಬಹಳ ಮೊದಲೇ ಅವರು ಕಪ್ಪು ದ್ರಾಕ್ಷಿ ಕಿವುಚಿ, ಸಕ್ಕರೆ ಹಾಕಿ, ಪಿಂಗಾಣಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದರು. ದ್ರಾಕ್ಷಿ ತೊಳೆಯಲು ನಾವು ಬೇಕು, ತೊಟ್ಟು ಬಿಡಿಸಲು ನಾವು ಬೇಕು. ಹಬ್ಬದ ದಿನ ಮಾತ್ರ ಕ್ರಿಶ್ಚಿಯನ್ ಹುಡುಗಿಯರಿಗೆ ಕೇಕಿನ ಜೊತೆ ಹೆಬ್ಬೆರಳು ಗಾತ್ರದ ಗ್ಲಾಸಿನಲ್ಲಿ ವೈನ್, ನಮ್ಮಂಥವರಿಗೆ ಬರೀ ಕೇಕ್. ನಾಟ್ ಫಾರ್ ಯು, ಮೈ ಚೈಲ್ಡ್, ನಿಮ್ಮ ತಂದೆಗೆ ಬೇಜಾರಾಗುತ್ತದೆ ಎಂದು ಮದರ್ ತಲೆ ಸವರುತ್ತಿದ್ದರು. ಮಗಳ ಕೈಯಲ್ಲಿ ಗೋಣಿಗಟ್ಟಲೆ ದ್ರಾಕ್ಷಿ ತೊಳೆಸಿದರೆ ಅದೇ ತಂದೆಗೆ ಬೇಜಾರಾಗುವುದಿಲ್ಲವೇ ಎಂದು ಕೇಳಬೇಕಿತ್ತು. ಕೇಳುವಷ್ಟು ಇಂಗ್ಲಿಷ್ ಬರುತ್ತಿತ್ತು, ಧೈರ್ಯ ಬರುತ್ತಿರಲಿಲ್ಲ.

ಮದುವೆಯಾದದ್ದು ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು. ಅವರಿಗೆ ವರ್ಗವಾದಲ್ಲೆಲ್ಲ ನಾನು, ನಮ್ಮತ್ತೆ, ಹಿತ್ತಾಳೆಯ ಪಾತ್ರೆ ಮೂಟೆ. ನನಗೆ ತಾಯಿಯಿರಲಿಲ್ಲವಾದ್ದರಿಂದ ಚನ್ನಗಿರಿಯಲ್ಲಿ ಮೊದಲ ಬಾಣಂತನವನ್ನು ಅತ್ತೆಯೇ ಮಾಡಿದರು, ಚೆನ್ನಾಗಿಯೇ ಮಾಡಿದರು, ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ನಾನು ಬಿಳಿಚಿಕೊಂಡದ್ದು ಕಂಡು ನಮ್ಮವರು ಶಿವಮೊಗ್ಗದಿಂದ ಪೋರ್ಟ್ ವೈನ್ ತರಿಸಿದರು. ಟೂ ಡ್ರಾಮ್ಸ್, ಟ್ವೈಸ್ ಡೈಲಿ, ಅಂದರೆ ಎರಡು ಚಮಚ, ದಿನಕ್ಕೆ ಎರಡು ಸಲ ಎಂದು ಅಪ್ಪಣೆ ಕೊಟ್ಟು, ತಮ್ಮ ತಾಯಿಯ ಮುಖ ನೋಡಿ, ಅವಸರವಾಗಿ ಆಸ್ಪತ್ರೆಗೆ ಹೋಗಿಬಿಟ್ಟರು. ಅತ್ತೆ ಆ ಬಾಟಲಿಯನ್ನು ಅಡಿಗೆಮನೆಗೂ ದೇವರ ಜಗುಲಿಗೂ ದೂರವಾಗಿ ಬಚ್ಚಲುಮನೆಯ ಗೂಡಿನಲ್ಲಿಟ್ಟರು. ಮನೆಯ ಚಮಚ ಮೈಲಿಗೆಯಾದೀತೆಂದು ಮಗುವಿಗೆ ಹರಳೆಣ್ಣೆ ಕುಡಿಸುವ ಒಳಲೆಯಲ್ಲೇ ನನಗೆ ಹೊಯ್ದರು. ರುಚಿ ಹೇಳುತ್ತೇನೆ: ನೇರಳೆ ಹಣ್ಣು ತಿಂದು ಕಿಟಕಿಯ ಸರಳು ನೆಕ್ಕಿದಂತೆ, ಹಿಂದೆಯೇ ಸ್ವಲ್ಪ ಹರಳೆಣ್ಣೆ. ಆದರೆ ಗಂಟಲಿಳಿದ ಮೇಲೆ ಎದೆಯೊಳಗೆ ಯಾರೋ ಸಣ್ಣ ಕಂದೀಲು ಹಚ್ಚಿಟ್ಟಂತಾಯಿತು. ನಾನು ನಕ್ಕುಬಿಟ್ಟೆ.

ಅದೇ ನಾನು ಮಾಡಿದ ತಪ್ಪು. ಆ ಮನೆಯಲ್ಲಿ ಔಷಧಿ ಕುಡಿಯುವುದಕ್ಕೊಂದು ಕ್ರಮವಿತ್ತು. ಕಣ್ಣು ಮುಚ್ಚಬೇಕು, ಮುಖ ಕಿವುಚಬೇಕು, ಮೈ ಒಂದು ಸಲ ನಡುಗಬೇಕು, ಆಮೇಲೆ ಬೆಲ್ಲದ ಚೂರಿಗೆ ಕೈ ಚಾಚಬೇಕು. ಇದಿಷ್ಟೂ ನಡೆದರೆ ಔಷಧಿ ಕೆಲಸ ಮಾಡಿತೆಂದು ಅರ್ಥ. ನಾನೋ ಚೆನ್ನಾಗಿದೆ ಅತ್ತೆ ಎಂದುಬಿಟ್ಟೆ. ಅತ್ತೆ ಒಳಲೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಕುಡುದು ನಗೋ ಔಷಧಿ ನಮ್ಮನ್ಯಾಗೆ ಯಾರೂ ಕುಡುದಿಲ್ಲ ಕಣವ್ವಾ. ಇದು ಜಡ್ಡು ಬಿಡ್ಸಾಕೆ ಬಂದಿದ್ದಲ್ಲ, ಹಚ್ಚಾಕೆ ಬಂದಿದ್ದು."

ಮಾರನೆಯ ದಿನದಿಂದ ಶುಂಠಿ ಕಷಾಯ. ಊರವರ ಕುರುಗಳನ್ನು ಕಣ್ಣು ಮಿಟುಕಿಸದೆ ಕುಯ್ಯುತ್ತಿದ್ದ ನಮ್ಮವರು ತಾಯಿಯ ಎದುರು ತುಟಿ ಬಿಚ್ಚಲಿಲ್ಲ. ಎಂಥ ಪುರುಷಸಿಂಹ ನೋಡಿ.

ಹೊನ್ನಾಳಿಯದು ಇನ್ನೂ ಅನ್ಯಾಯ. ಅಲ್ಲಿನ ಬಂಗಲೆಯಲ್ಲಿ ಇಳಿದಿದ್ದ ಬಿಳಿಯ ಎಂಜಿನಿಯರೊಬ್ಬನ ಜ್ವರ ಬಿಡಿಸಿದ್ದಕ್ಕೆ ಆತ ನಮ್ಮವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಶೆರಿ ವೈನ್ ಕುಡಿಸಿ, ಉಳಿದದ್ದನ್ನು ಕೊಟ್ಟು ಕಳಿಸಿದ. ಇವರು ಮನೆಗೆ ಬಂದದ್ದು ಪಂಡಿತರಾಗಿ. ಮಜ್ಜಿಗೆ ಲೋಟದಲ್ಲಿ ತಳ ಮುಚ್ಚುವಷ್ಟು ಹೊಯ್ದು, ಮೊದಲು ಹೀಗೆ ತಿರುಗಿಸಬೇಕು, ಆಮೇಲೆ ಮೂಸಬೇಕು, ಬಾದಾಮಿಯ ವಾಸನೆ ಬರುತ್ತದೆ, ನೋಟಿಸ್ ಮಾಡು ಎಂದು ಲೆಕ್ಚರ್ ಶುರುಮಾಡಿದರು. ನನಗೆ ಬಂದದ್ದು ಮಜ್ಜಿಗೆಯ ವಾಸನೆ. ಬಿರಡೆಯ ಪುಡಿಯನ್ನು ಉಗುಳಿ ಒಂದು ಗುಟುಕು ನುಂಗಿದೆ. ಸುಟ್ಟ ಒಣದ್ರಾಕ್ಷಿ, ಹಳೆಯ ಮರದ ಬೀರು, ಆರಿಸಿದ ಮೇಣದ ಬತ್ತಿ; ಕಾನ್ವೆಂಟಿನ ಚಾಪೆಲ್ಲೇ ನಾಲಿಗೆಯ ಮೇಲೆ ಬಂದು ಕೂತಂತಿತ್ತು. ಇನ್ನೊಂದು ಗುಟುಕಿಗೆ ಲೋಟ ಎತ್ತಿದೆ, ಹಜಾರದಲ್ಲಿ ಅತ್ತೆ ಕೆಮ್ಮಿದರು. ನಮ್ಮವರು ಲೋಟ ಕಿತ್ತುಕೊಂಡು, ಬಾಟಲಿ ಸಮೇತ ಕಿಟಕಿಯಾಚೆ ಕರಿಬೇವಿನ ಬುಡಕ್ಕೆ ಬಗ್ಗಿಸಿಬಿಟ್ಟರು. ಆ ವರ್ಷ ಕರಿಬೇವು ಅದೆಷ್ಟು ಸೊಗಸಾಗಿ ಚಿಗುರಿತೆಂದರೆ, ಅದನ್ನು ನೋಡಿದಾಗಲೆಲ್ಲ ನನಗೆ ಮೈಯುರಿಯುತ್ತಿತ್ತು.

ನ್ಯಾಮತಿಯಲ್ಲಿ ಎರಡನೆಯ ಹೆರಿಗೆ, ಮತ್ತೆ ಅದೇ ನಿಶ್ಶಕ್ತಿ. ಈ ಸಲ ನಮ್ಮವರು ಜಾಣತನ ಮಾಡಿ, ಪೋರ್ಟ್ ವೈನನ್ನು ಆಸ್ಪತ್ರೆಯ ಮಿಕ್ಸ್ಚರ್ ಬಾಟಲಿಗೆ ತುಂಬಿಸಿ, ಪಕ್ಕಕ್ಕೆ ಡೋಸಿನ ಕಾಗದದ ಪಟ್ಟಿ ಅಂಟಿಸಿ ಕಳಿಸಿದರು. ನಾನು ಈಗ ಕಲಿತಿದ್ದೆ. ಮುಖ ಕಿವುಚಲು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. ಅಭ್ಯಾಸ ಬೇಕಾಗಲಿಲ್ಲ. ಮೊದಲ ಚಮಚಕ್ಕೇ ಕಣ್ಣಲ್ಲಿ ನೀರು ಬಂತು. ವೈನಿನ ಜಾಗದಲ್ಲಿ ನೆಲಬೇವು ಕೂತಿತ್ತು, ವೈನು ಎಲ್ಲೋ ಹಿಂದೆ ನಿಂತು ಅಳುತ್ತಿತ್ತು. ಕಾಂಪೌಂಡರ್ ಇಮಾಮ್ ಸಾಹೇಬರನ್ನು ಕರೆಸಿ ಕೇಳಿದೆ. ಐದು ಹೊತ್ತು ನಮಾಜು ಬಿಡದ, ಸುಳ್ಳು ಹೇಳದ ಮನುಷ್ಯ. ಆಸ್ಪತ್ರೆಯ ಟಾನಿಕ್ ಅಳೆಯುವಾಗಲೂ ಮೂಗು ಆಚೆ ತಿರುಗಿಸಿಕೊಳ್ಳುತ್ತಿದ್ದರು.

"ನಂಗೇನು ಗೊತ್ರೀ ಅಮ್ಮಾರೆ, ನಾನು ಮೂಸಿ ಸೈತ ನೋಡಿಲ್ಲ," ಎಂದರು. "ಕಹಿ ಇಲ್ದಿದ್ರೆ ನಮ್ ಸೊಸಿಗೆ ಹಿಡಿಯಾಕಿಲ್ಲ ಅಂತ ದೊಡ್ಡಮ್ಮಾರು ಹೇಳಿದ್ರು, ಹಾಕಿದೆ. ಕಮ್ಮಿ ಆಗೈತೇನ್ರೀ?"

ಅಂಥವರನ್ನು ಬೈಯುವುದು ಹೇಗೆ? ಸಾಕಷ್ಟಿದೆ ಎಂದು ಹೇಳಿ ಕಳಿಸಿದೆ.

ಜಗಳೂರಿಗೆ ಹೋಗುವಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿ ವಿಲಾಯಿತಿ ಬಾಟಲಿಗಳು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಅಂಥದ್ದರಲ್ಲಿ ದಾವಣಗೆರೆಯ ಹತ್ತಿ ವರ್ತಕರೊಬ್ಬರು, ಕಾಯಿಲೆ ವಾಸಿಯಾದ ಸಂತೋಷಕ್ಕೆ, ನಿಜವಾದ ಕೆಂಪು ವೈನಿನ ಒಂದು ಬಾಟಲಿ ತಂದುಕೊಟ್ಟರು. ಬರುವ ಭಾನುವಾರ ಅವ್ವ ತನ್ನ ತಂಗಿಯ ಮನೆಗೆ ಹೋಗುತ್ತಾಳೆ, ಹಿತ್ತಲಲ್ಲಿ ಎರಡು ಕುರ್ಚಿ ಹಾಕಿಕೊಂಡು ಕೂರೋಣ, ಪ್ರಾಮಿಸ್ ಎಂದರು ನಮ್ಮವರು. ನಾನು ಎರಡು ಗಾಜಿನ ಗ್ಲಾಸುಗಳನ್ನು ಬೂದಿ ಹಾಕಿ ಉಜ್ಜಿಟ್ಟೆ. ಶನಿವಾರ ಅತ್ತೆಗೆ ನ್ಯುಮೋನಿಯಾ ಹಿಡಿಯಿತು. ಗಂಡಾಂತರ ಕಳೆದ ಮೇಲೆ, ಶಕ್ತಿ ಬರಲಿ ಎಂದು ನಮ್ಮವರು ಅದೇ ಬಾಟಲಿಯ ಬಿರಡೆ ಕಿತ್ತು, ಅವ್ವನಿಗೆ ಎರಡು ಚಮಚ, ದಿನಕ್ಕೆ ಎರಡು ಸಲ, ನೀನೇ ಕುಡಿಸು ಎಂದು ನನ್ನ ಕೈಗೆ ಕೊಟ್ಟರು. ಆಗಿನ ನನ್ನ ಹೊಟ್ಟೆಯುರಿ ಅಳೆಯಲು ಯಾವ ಥರ್ಮಾಮೀಟರೂ ಸಾಲುತ್ತಿರಲಿಲ್ಲ.

ಮಧ್ಯಾಹ್ನ. ಮಕ್ಕಳು ಸ್ಕೂಲಿಗೆ, ಇವರು ಆಸ್ಪತ್ರೆಗೆ ಹೋಗಿದ್ದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಎರಡು ಚಮಚ ಕುಡಿಸಿದೆ. ಅತ್ತೆ ಮುಖ ಕಿವುಚಲಿಲ್ಲ. ನಾಲಿಗೆಯನ್ನು ತುಟಿಯ ಮೇಲೆ ನಿಧಾನವಾಗಿ ಆಡಿಸಿದರು.

"ರುಚಿ ಐತೆ ಕಣವ್ವಾ. ಬಿಸಿಲಿಗೆ ಗಿಡದಾಗೇ ಬಾಡಿದ ಕವಳೆಹಣ್ಣು ಇದ್ದಂಗೈತೆ. ಸಣ್ಣಾಕಿ ಇದ್ದಾಗ ದನ ಹೊಡ್ಕಂಡು ಹೋದಾಗ ತಿಂತಿದ್ವಿ." ಬಾಟಲಿಯ ಕಡೆ ಗದ್ದ ತೋರಿಸಿ, "ಇನ್ನೀಟು ಹಾಕು. ನೀನೂ ಒಂದು ಲೋಟ ತಂದ್ಕ. ಒಬ್ಬಾಕಿನೇ ಹೆಂಗೆ ಕುಡೀಲಿ," ಎಂದರು.

ಹಗಲು ಹೊತ್ತು, ಕುರ್ಚಿ, ಒಳ್ಳೆಯ ವೈನು, ಮೈಯಲ್ಲಿ ಯಾವ ರೋಗವೂ ಇಲ್ಲ, ಮೇಲಾಗಿ ಅತ್ತೆಯ ಅಪ್ಪಣೆ. ಇನ್ನೇನು ಬೇಕಿತ್ತು? ನಾನು ಬಿರಡೆಯನ್ನು ಗಟ್ಟಿಯಾಗಿ ಒತ್ತಿ ಮುಚ್ಚಿದೆ.

"ಇದು ಔಷಧಿ ಅತ್ತೆ. ಎರಡೇ ಚಮಚ. ರುಚಿಗೆ ಅಂತ ಕುಡಿಯೋದಲ್ಲ."

ಅವರು ನನ್ನನ್ನೇ ಒಂದು ಗಳಿಗೆ ನೋಡಿದರು. ಆತು ಬಿಡವ್ವಾ ಎಂದು ಗೋಡೆಯ ಕಡೆ ತಿರುಗಿದರು. ಸಂಜೆಯ ಡೋಸಿಗೆ ಕಣ್ಣು ಮುಚ್ಚಿದರು, ಮುಖ ಕಿವುಚಿದರು, ಮೈ ನಡುಗಿಸಿ ಬೆಲ್ಲಕ್ಕೆ ಕೈ ಚಾಚಿದರು. ವಾರದಲ್ಲಿ ಎದ್ದು ಓಡಾಡಿದರು. ವೈನಿನ ಮಾತು ಮತ್ತೆ ಎತ್ತಲಿಲ್ಲ. ಇನ್ನೊಂದು ಸಲ ಕೇಳಲಿ, ಆಗ ಇಬ್ಬರಿಗೂ ಹೊಯ್ಯುತ್ತೇನೆ ಎಂದು ನಾನು ಕಾದೆ. ಅವರು ಕೇಳಲಿಲ್ಲ, ನಾನಾಗಿ ಕರೆಯಲೂ ಇಲ್ಲ. ಬೀರುವಿನ ನೆತ್ತಿಯ ಮೇಲೆ ಮುಕ್ಕಾಲು ಬಾಟಲಿ ಕೂತೇ ಇತ್ತು.

ಬೇಸಿಗೆಯ ಒಂದು ಭಾನುವಾರ ನಮ್ಮವರಿಗೆ ಪ್ರಾಮಿಸ್ ನೆನಪಾಯಿತು. ಅತ್ತೆ ಊರಿನಲ್ಲಿರಲಿಲ್ಲ. ಅವರೇ ಕುರ್ಚಿ ಹಾಕಿದರು, ಅವರೇ ಹೊಯ್ದರು. ಒಂದು ಗುಟುಕು ಕುಡಿದೆ. ಹುಣಸೆಹಣ್ಣು ನೆನೆಹಾಕಿ ಮೂರು ದಿನ ಮರೆತಂತೆ, ಹಲ್ಲು ಚಳಿತುಹೋಯಿತು. ಹಾಳಾಗಿಹೋಗಿದೆ, ಒಮ್ಮೆ ತೆರೆದದ್ದನ್ನು ಯಾರೇ ಇಷ್ಟು ದಿನ ಹೀಗೆ ಇಟ್ಟದ್ದು ಎಂದು ಅವರು ರೇಗಿದರು. ನನಗೂ ರೇಗಿತ್ತು. ಕಾನ್ವೆಂಟಿನ ಮದರ್, ಅತ್ತೆ, ಇಮಾಮ್ ಸಾಹೇಬರು, ಎದುರು ಕೂತ ಈ ಗಂಡ, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಮನಸ್ಸಿಗೆ ತಂದುಕೊಂಡೆ. ಈ ಹುಳಿಗೆ ನೀನೇ ಹೊಣೆ ಎಂದು ಬೈಯೋಣವೆಂದರೆ ಅವರಲ್ಲಿ ಒಬ್ಬರೂ ಸಿಗಲಿಲ್ಲ.