ಲಂಕೆಯ ಮದುವೆಗೆ ಮುನಿಸಿಕೊಂಡ ಅಳಿಯ

ಅಳಿಯನೊಬ್ಬ ಮುನಿಸಿಕೊಳ್ಳದೆ ಮುಗಿದ ಮದುವೆಯನ್ನು ಮದುವೆ ಎನ್ನಬೇಕೋ, ಹಾಲಿನ ಸಂಘದ ವಾರ್ಷಿಕ ಸಭೆ ಎನ್ನಬೇಕೋ ನೀವೇ ಹೇಳಿ. ನಮ್ಮ ಹಿರೇಕೆರೂರು, ಹಾನಗಲ್ಲ, ಸವಣೂರು ಕಡೆ ಬಾಗಿಲಿಗೆ ಹಂದರ ಬಿತ್ತೆಂದರೆ ಆ ಮನೆಯ ಹಿರಿಯ ಅಳಿಯನಿಗೆ ಸಿಟ್ಟು ಬರಲೇಬೇಕು. ಕಾರಣ ಯಾವುದಾದರೂ ನಡೆಯುತ್ತದೆ. ಚಹಾ ಆರಿತ್ತು, ಬೀಗರಿಗೆ ಕುರ್ಚಿ ಹಾಕಿ ನನಗೆ ಜಮಖಾನೆ ಹಾಸಿದರು, ರುಮಾಲಿನ ಬಣ್ಣ ಮಾಸಿತ್ತು. ಅಳಿಯ ಎದ್ದು ಹೊರಟುಬಿಡುತ್ತಾನೆ. ಹಿರಿಯರು ಹುಡುಕಿಕೊಂಡು ಬಂದು, ಕೈ ಹಿಡಿದು, ರಮಿಸಿ ಕರೆದೊಯ್ಯುತ್ತಾರೆ. ಇದರಲ್ಲಿ ಯಾರಿಗೂ ಬೇಜಾರಿಲ್ಲ. ನೀನು ನಮಗೆ ಬೇಕಪ್ಪಾ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಹೀಗೆ ಸುತ್ತು ಹಾಕಿ ಹೇಳಿಸಿಕೊಳ್ಳಬೇಕು.

ನಾನು ಮಾಲತೇಶ. ಹಿರೇಕೆರೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದೇನೆ, ಹತ್ತಿಮತ್ತೂರಿನ ಪರಮೇಶಪ್ಪನವರ ಹಿರಿಯ ಅಳಿಯ. ಮುನಿಸಿನ ವಿದ್ಯೆಯಲ್ಲಿ ನನಗೆ ನಾಲ್ಕು ಊರಲ್ಲಿ ಹೆಸರಿದೆ. ಹೆಂಡತಿಯ ಚಿಕ್ಕಪ್ಪನ ಮಗನ ಮದುವೆಯಲ್ಲಿ ಎದ್ದು ಹೋಗಿ ಸವಣೂರು ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಅರ್ಧ ದಿಬ್ಬಣವೇ ಸೋಡಾ ಬಾಟಲಿ ಹಿಡಿದು ಬಂದಿತ್ತು. (ಬಸ್ ಹತ್ತಬಾರದು. ಹತ್ತಿದರೆ ಮುನಿಸೂ ಕೆಡುತ್ತದೆ, ಟಿಕೆಟೂ ದಂಡ.)

ಇಂಥ ನನಗೆ ಮೋಸವಾಗಿದ್ದು ಜಯಶ್ರೀಯ ಮದುವೆಯಲ್ಲಿ. ಜಯಶ್ರೀ ನನ್ನ ಹೆಂಡತಿ ನೀಲಾಂಬಿಕೆಯ ತಂಗಿ. ನಮಗೆ ಮಕ್ಕಳಿಲ್ಲ. ಅವಳು ನಮ್ಮ ಮನೆಯಲ್ಲೇ ಇದ್ದು ಶಾಲೆ ಕಲಿತಳು, ನರ್ಸಿಂಗ್ ಓದಿದಳು. ಮಗಳು ಎಂದು ನಾನು ಯಾರೆದುರೂ ಹೇಳಿಕೊಂಡಿಲ್ಲ, ಆದರೆ ಅವಳು 'ಮಾಮಾ' ಎಂದು ಕರೆದರೆ ನನಗೆ ಕೇಳಿಸುತ್ತಿದ್ದದ್ದು ಬೇರೆಯೇ. ನಮ್ಮ ಅತ್ತೆ ಗುತ್ತೆವ್ವನಿಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಸೋದರಮಾವನ ಕೆಲಸ, ಎಂದರೆ ಮದುಮಗಳ ಕೈ ಹಿಡಿದು ಮಂಟಪಕ್ಕೆ ತರುವುದು, ನನ್ನದೇ ಎಂದು ಅವಳು ಫ್ರಾಕು ಹಾಕುತ್ತಿದ್ದ ಕಾಲದಿಂದಲೂ ಮನೆಯಲ್ಲಿ ಮಾತಾಗಿತ್ತು.

ಈಗ ಅವಳು ಐರ್ಲೆಂಡಿನಲ್ಲಿ ನರ್ಸು. ಹುಡುಗ ಶಿಗ್ಗಾವಿಯ ಶಂಭುಲಿಂಗ, ಮಸ್ಕತ್ತಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಕಾಲು ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವಳು ಅವನಿಗೆ ಇಂಜೆಕ್ಷನ್ ಕೊಟ್ಟಳಂತೆ. ಕಾಲು ಕೂಡಿತು, ಮನಸ್ಸೂ ಕೂಡಿತು, ದೇಶ ಮಾತ್ರ ಬೇರೆ ಬೇರೆಯಾಯಿತು. ನಾಲ್ಕು ವರ್ಷ ಅವರ ಪ್ರೀತಿ ಪೂರ್ತಿ ಫೋನಿನಲ್ಲೇ ನಡೆಯಿತು. ಇಬ್ಬರಿಗೂ ಒಟ್ಟಿಗೆ ಸಿಕ್ಕಿದ್ದು ಒಂದು ವಾರದ ರಜೆ. ಊರಲ್ಲಿ ಮಾಡಿದರೆ ಕರೆಯುವುದಕ್ಕೇ ಒಂದು ತಿಂಗಳು ಬೇಕು. ಅದಕ್ಕೆ ಶ್ರೀಲಂಕಾದ ಸಮುದ್ರದ ದಂಡೆಯ ಒಂದು ಸಣ್ಣ ಹೋಟೆಲು, ಎರಡೂ ಕಡೆಯ ಮನೆಮಂದಿ, ಮದುವೆ ಮಾಡಿಸಲು ನಮ್ಮ ಕಡೆಯಿಂದ ಒಬ್ಬ ಅಯ್ಯನವರು, ಇಷ್ಟೇ ಎಂದು ನಿರ್ಧಾರವಾಯಿತು.

ಶಂಭುಲಿಂಗನ ಅಕ್ಕ ಸುನಿತಾ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ 'ಬರ್ತೀರಾ?' ಎಂದು ಕೇಳಿದಳು. ಕೆಳಗೆ ಒತ್ತುವುದಕ್ಕೆ 'ಹೌದು', 'ಇಲ್ಲ'. ನಮ್ಮ ಕಡೆ ಮೊದಲ ಸಲಕ್ಕೆ ಹೌದು ಎನ್ನುವವನನ್ನು ಏನೆಂದು ತಿಳಿಯುತ್ತಾರೆ? ಊಟಕ್ಕೆ ಕರೆದರೂ "ಈಗಷ್ಟ ಆತ್ರಿ" ಎನ್ನಬೇಕು, ಹಸಿದು ಕಣ್ಣು ಕತ್ತಲೆಗಟ್ಟಿದ್ದರೂ.

"ಇಲ್ಲ ಅಂತ ಒತ್ತಬ್ಯಾಡ್ರಿ," ಎಂದಳು ನೀಲಾಂಬಿಕೆ. "ಅದು ಮಷೀನು. ಅದಕ ನಿಮ್ಮ ಸೋಗು ತಿಳಿಯೂದಿಲ್ಲ."

"ಮಷೀನಿನ ಹಿಂದ ಮನಷ್ಯಾರ ಇರ್ತಾರಿಲ್ಲೋ. ಕುಂಕುಮ ಅಕ್ಷತಿ ಇಲ್ಲದ ಬರೇ ಮೊಬೈಲ್‌ನ್ಯಾಗ ಕರದ್ರ ಓಡಿ ಹೋಗಾಕ ನಾ ಏನ್ ಬಿಟ್ಟಿ ಬಿದ್ದೇನಿ?"

"ಅಕ್ಷತಿ ಕೊಡಾಕ ಆಕಿ ಐರ್ಲೆಂಡ್‌ನಿಂದ ಬರಬೇಕೇನು?"

"ಲಂಕಾಕ್ಕ ಹಾರೂ ಮುಂದ ನಮ್ಮ ಹನುಮಪ್ಪನೂ ದಂಡಿ ಮ್ಯಾಲ ಸುಮ್ಮನ ಕುಂತಿದ್ದ. ಎಲ್ಲಾರೂ ಕೂಡಿ ಹೊಗಳಿ ಎಬ್ಬಿಸಬೇಕಾತು."

"ಹನುಮಪ್ಪಗ ಟಿಕೀಟ ಬೇಕಾಗಿದ್ದಿಲ್ರಿ."

ನಾನು 'ಇಲ್ಲ' ಒತ್ತಿದೆ. ಮಾವನವರಿಗೆ ಸೂಕ್ಷ್ಮ ಗೊತ್ತು. ಸಂಜೆಯೇ ಫೋನ್ ಬಂತು. "ಯಾಕ್ರಿ ಅಳಿಯಾರ, ಇಲ್ಲ ಅಂತ ಒತ್ತೀರಂತ?"

"ಗಿರಣಿ ಕೆಲಸ ಭಾಳ ಅದಾವ್ರಿ ಮಾವಾರ," ಎಂದೆ ಗಂಟಲು ಭಾರ ಮಾಡಿಕೊಂಡು.

ಎರಡು ದಿನ ಬಿಟ್ಟು ಮತ್ತೆ ಮಾಡಿದರು. "ಟಿಕೀಟ ಎಲ್ಲಾ ಆಗಿಬಿಟ್ಟಾವಂತ. ಆದ್ರೂ ಒಂದ ಮಾತು ಹೂಂ ಅನ್ರಿ, ಬ್ಯಾರೆ ತಗಿಸ್ತೇನಿ."

ಇದು ಎರಡನೆಯ ಸಲ. ಮೂರನೆಯದಕ್ಕೆ ಒಪ್ಪುವುದು ಮರ್ಯಾದೆ. "ಇರ್ಲಿ ಬಿಡ್ರಿ, ನೀವೆಲ್ಲಾ ಹೋಗಿ ಬರ್ರಿ," ಎಂದು ಫೋನಿಟ್ಟು ಮೂರನೆಯದಕ್ಕೆ ಕಾದೆ. ಪಾಸ್‌ಪೋರ್ಟು ಟ್ರಂಕಿನಲ್ಲಿ ತಯಾರಿತ್ತು. ಗಿರಣಿಯ ಪಕ್ಕದ ದರ್ಜಿ ಮುಬಶೀರನ ಹತ್ತಿರ ಗುಟ್ಟಾಗಿ ಒಂದು ರೇಷ್ಮೆ ಅಂಗಿ ಹೊಲಿಸಿದ್ದೆ. ಮೂರನೆಯ ಫೋನ್ ಬರಲಿಲ್ಲ. ಮುದುಕರು ನನ್ನ ಮಾತನ್ನು ನಂಬಿಬಿಟ್ಟಿದ್ದರು.

ಹೊರಡುವ ದಿನ ಹೆಂಡತಿಯನ್ನು ಹಾವೇರಿ ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯಿಂದ ಅವಳು ನನ್ನನ್ನೇ ನೋಡಿದಳು. ಈಗ ಕರೆಯುತ್ತಾಳೆ ಎಂದುಕೊಂಡೆ. "ರೊಟ್ಟಿ ಬಡದಿಟ್ಟೇನಿ. ಮೊಸರು ಹುಳಿ ಆಗೂದರೊಳಗ ಉಣ್ರಿ," ಎಂದಳು. ಬಸ್ಸು ಹೋಯಿತು.

ಖಾಲಿ ಮನೆ ಎಂದರೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬೆಳಿಗ್ಗೆ ರೂಢಿಯಂತೆ ಎರಡು ಕಪ್ಪು ಚಹಾ ಮಾಡಿ ಎರಡನ್ನೂ ನಾನೇ ಕುಡಿದೆ. ಕಟಕ್ ರೊಟ್ಟಿ ಮುರಿದ ಸದ್ದು ಪಡಸಾಲೆಯವರೆಗೆ ಕೇಳಿಸುತ್ತಿತ್ತು. ಬೈಯುವವರಿಲ್ಲದ್ದರಿಂದ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದೆ, ಸುಖವೆನಿಸಲಿಲ್ಲ, ಎದ್ದು ಹಗ್ಗದ ಮೇಲೆ ಹಾಕಿದೆ. ಸಂಜೆ ನೀಲಾಂಬಿಕೆ ಮುಟ್ಟಿದೆವೆಂದು ಫೋನ್ ಮಾಡಿದಳು. ಸಮುದ್ರ ಚಲೋ ಐತಿ, ಗ್ಯಾಸ್ ಬಂದ್ ಮಾಡಿದಿರಾ, ಎಂದು ಕೇಳಿ ಇಟ್ಟಳು. ನನ್ನ ಮುನಿಸಿನ ಪ್ರಸ್ತಾಪವೇ ಇಲ್ಲ. ಎಲ್ಲರೂ ಕೂಡಿರುವ ಕಡೆಯ ನಗು ಮಾತ್ರ ಅವಳ ಮಾತಿನ ಹಿಂದೆ ಕೇಳಿಸುತ್ತಿತ್ತು. ನನಗೆ ನಿಜವಾಗಿಯೂ ಸಂಕಟವಾಯಿತು.

ಆಗ ನನ್ನ ತಲೆಗೆ ಒಂದು ಅಮೋಘ ವಿಚಾರ ಹೊಳೆಯಿತು. ಮುನಿಸಿಕೊಂಡವನು ಸುಲಭಕ್ಕೆ ಸಿಗಬಾರದು, ಸಿಕ್ಕರೆ ಅವನಿಗೆ ಬೆಲೆ ಇಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ ಕುಳಿತರೆ ಲಂಕೆಯಿಂದ ಯಾರು ಬರುತ್ತಾರೆ? ಈ ಕಾಲದ ಬಸ್‌ಸ್ಟ್ಯಾಂಡು ಎಂದರೆ ಸ್ವಿಚ್ ಆಫ್. ಮದುವೆಯ ದಿನ ಬೆಳಿಗ್ಗೆ ಫೋನ್ ಬಂದ್ ಮಾಡಿ ಗಿರಣಿಯ ಗಲ್ಲೆಯಲ್ಲಿ, ಎಂದರೆ ದುಡ್ಡಿನ ಪೆಟ್ಟಿಗೆಯಲ್ಲಿ, ಹಾಕಿದೆ. ಒದ್ದಾಡಲಿ ಎಂದುಕೊಂಡೆ. ಆಮೇಲೆ, ಯಾರಿಗೆ ಹೇಳಲಿ, ರೇಷ್ಮೆ ಅಂಗಿ ಹಾಕಿಕೊಂಡು ಗಿರಣಿ ಚಾಲೂ ಮಾಡಿದೆ.

ಮೆಕ್ಕೆಜೋಳ ಬೀಸಿಸಲು ಬಂದ ಮುದಕವ್ವ, ನಮ್ಮ ಓಣಿಯ ಹಿರಿಯಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೇಷ್ಮಿ ಅಂಗಿ ಹಾಕ್ಕೊಂಡು ಹಿಟ್ಟು ಬೀಸಾಕತ್ತೀಯಲ್ಲೋ. ಮದುವಿಗೆ ಕರೀಲಿಲ್ಲೇನು?"

"ಕರದ್ರಬೇ."

"ಮತ್ಯಾಕ ಇಲ್ಲೇ ಅದಿ?"

"ಇನ್ನೊಮ್ಮಿ ಕರೀಲಿ ಅಂತ ಕುಂತೇನಿ."

"ಎಲ್ಲಿಂದ ಕರೀಬೇಕೋ, ಸಮುದ್ರದಾಗ ನಿಂತು ಕೂಗಬೇಕೇನು? ಫೋನರ ಎಲ್ಲೈತಿ?"

ಗಲ್ಲೆಯನ್ನು ತೋರಿಸಿದೆ. ಅವಳು ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು. ಬಿಸಿಲು ಏರಿತು, ಗಿರಾಕಿಗಳು ಕರಗಿದರು, ಅಂಗಿ ಬೆಳ್ಳಗಾಯಿತು. ಇನ್ನು ತಡೆಯಲಾರದೆ ಫೋನ್ ಚಾಲೂ ಮಾಡಿದೆ.

ಅದು ಕೈಯಲ್ಲಿ ನಡುಗಿದ್ದು ನಡುಗಿದ್ದೇ. ಮಾವನವರು ಕರೆದಿದ್ದಾರೆ, ಅತ್ತೆ ಕರೆದಿದ್ದಾರೆ, ಶಂಭುಲಿಂಗ ಕರೆದಿದ್ದಾನೆ. ಎಲ್ಲಕ್ಕಿಂತ ಹೆಚ್ಚು ಸಲ ಜಯಶ್ರೀ. ಅವಳ ದನಿಯ ಸಂದೇಶಗಳೂ ಇದ್ದವು. ಮೊದಲಿನದರಲ್ಲಿ ನಗುತ್ತಿದ್ದಳು. "ಮಾಮಾ, ನಿಮ್ಮ ಸಿಟ್ಟು ನನಗ ಗೊತ್ತಿಲ್ಲೇನು? ರಮಸಾಕ ಎಲ್ಲಾರೂ ಸಾಲಾಗಿ ಕುಂತೇವಿ. ಫೋನ್ ಎತ್ರಿ." ಮುಂದಿನದರಲ್ಲಿ ನಗು ಇರಲಿಲ್ಲ. "ವಿಡಿಯೋದಾಗರ ಬರ್ರಿ. ಫೋನ್ ಕೈಯಾಗ ಹಿಡಕೊಂಡು ಮಂಟಪಕ್ಕ ನಡೀತೇನಿ, ನೀವ ಕರ್ಕೊಂಡು ಹೋದಂಗ ಆಕ್ಕೈತಿ." ಕೊನೆಯದರಲ್ಲಿ ಅಳು, ಹಿಂದೆ ಅಯ್ಯನವರ ದನಿ, "ಹೊತ್ತು ಮೀರಾಕತ್ತೈತಿ ತಂಗಿ, ಏಳವಾ."

ಕೂಡಲೇ ಜಯಶ್ರೀಗೆ ಫೋನ್ ಮಾಡಿದೆ. ಎತ್ತಿದ್ದು ನೀಲಾಂಬಿಕೆ. ಅಕ್ಕಿಕಾಳು ಬಿದ್ದು ಮದುವೆಯಾಗಿ ಊಟವೂ ಮುಗಿದಿತ್ತು.

"ಮಂಟಪಕ್ಕ ಯಾರು ಕರ್ಕೊಂಡು ಬಂದ್ರು?" ಎಂದು ಕೇಳಿದೆ.

"ಬಂದುಲ."

"ಯಾವ ಬಂದುಲ?"

"ಹೋಟೆಲಿನ್ಯಾಗ ನಮಗ ಚಹಾ ಕೊಡ್ತಾನಲ್ರಿ, ಅವ. ಆಕಿ ಅಳೂದು ನೋಡಿ ಬಾಗಲದಾಗ ನಿಂತಿದ್ದ. ಕೈಸನ್ನಿ ಮಾಡಿ ಕೇಳಿದ್ವಿ. ಒಂದ ಸಲಕ್ಕ ಹೂಂ ಅಂದ. ನಿಮ್ಮ ರುಮಾಲು ಅವಗ ಸುತ್ತಿದ್ವಿ. ಪಾಪ, ಕೈ ಹಿಡಕೊಂಡು ಬರೂ ಮುಂದ ಗಳಗಳ ಅತ್ತಬಿಟ್ಟ."

ಫೋಟೋ ಕಳಿಸಿದಳು. ನನಗಿಂತ ಚೆನ್ನಾಗಿ ಒಪ್ಪಿತ್ತು ರುಮಾಲು. ನನಗೆಂದು ತೆಗೆದಿಟ್ಟಿದ್ದ ಧೋತರ, ಶಲ್ಯ, ಬೆಳ್ಳಿ ಬಟ್ಟಲು ಎಲ್ಲ ಅವನ ಕೈಯಲ್ಲಿದ್ದವು. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅವನ ಇನ್ನೊಂದು ಕೈಯನ್ನು ಜಯಶ್ರೀ ಗಟ್ಟಿಯಾಗಿ ಹಿಡಿದಿದ್ದಳು, ಅದನ್ನೇ ಬಹಳ ಹೊತ್ತು ನೋಡಿದೆ.

ವಾರ ಮುಗಿಯಿತು. ಶಂಭುಲಿಂಗ ಮಸ್ಕತ್ತಿಗೆ, ಜಯಶ್ರೀ ಐರ್ಲೆಂಡಿಗೆ, ನೀಲಾಂಬಿಕೆ ನನ್ನ ಹತ್ತಿರಕ್ಕೆ. ನಾನು ಒಂದು ದಿನ ಗಿರಣಿ ಬಂದ್ ಇಟ್ಟು, ರಮಿಸುವ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಜಯಶ್ರೀಗೆ ಫೋನ್ ಹಚ್ಚಿದೆ. ಜೀವಮಾನದಲ್ಲಿ ರಮಿಸಿಕೊಂಡಿದ್ದೇ ಹೊರತು ಯಾರನ್ನೂ ರಮಿಸಿದವನಲ್ಲ.

"ತಪ್ಪಾತವಾ. ಸಿಟ್ಟು ಬಿಡು."

"ಸಿಟ್ಟೇನಿಲ್ಲ ಮಾಮಾ."

"ಸ್ವಲ್ಪರ ಇರಬೇಕಲ್ಲ."

"ಖರೇನ ಇಲ್ರಿ. ನಾವಿಬ್ಬರೂ ನಾಕು ವರ್ಷ ಫೋನ್‌ನ್ಯಾಗ ಬಾಳೇವಿ. ಎಷ್ಟ ಜಗಳಾಡಿದ್ರೂ ಸ್ವಿಚ್ ಆಫ್ ಮಾಡಬಾರದು ಅಂತ ನಮ್ಮೊಳಗ ಮಾತಾಗೇತಿ. ನೀವು ಬಂದ್ ಮಾಡೀರಿ ಅಂದ ಮ್ಯಾಲ ಖರೇನ ಬ್ಯಾಡಾಗಿರಬೇಕು ಅಂತ ತಿಳಕೊಂಡೆ. ಇರ್ಲಿ ಬಿಡ್ರಿ. ಡ್ಯೂಟಿಗೆ ಹೊತ್ತಾತು, ಇಡ್ತೇನಿ."

ಸಿಟ್ಟಾದವರನ್ನು ಒಲಿಸಿಕೊಳ್ಳಲು ನಮ್ಮಲ್ಲಿ ನೂರು ದಾರಿಗಳಿವೆ. ಸಿಟ್ಟೇ ಆಗದೆ ಸುಮ್ಮನೆ ಒಪ್ಪಿಕೊಂಡವರನ್ನು ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿಲ್ಲ. ಅದಕ್ಕೆ ದಿನಾ ಅವಳ ಡ್ಯೂಟಿ ಮುಗಿಯುವ ಹೊತ್ತು ನೋಡಿ ಫೋನ್ ಮಾಡಿ, "ಸಿಟ್ಟಾಗೀಯೇನವಾ?" ಎಂದು ಕೇಳುತ್ತೇನೆ. "ಇಲ್ಲ ಮಾಮಾ," ಎನ್ನುತ್ತಾಳೆ.

"ಹಿಂಗ ಕೇಳಿ ಕೇಳಿ ಒಂದಿನ ಆಕಿಗೆ ಸಿಟ್ಟು ಬರಸ್ತೀರಿ ನೋಡ್ರಿ," ಎಂದು ನೀಲಾಂಬಿಕೆ ಬೈಯುತ್ತಾಳೆ.

ಬರಲಿ ಎಂದೇ ಕೇಳುತ್ತಿದ್ದೇನೆ.