ಟ್ರೆಡ್‌ಮಿಲ್ ಪರೀಕ್ಷೆಗೆ ನನ್ನ ಗುಪ್ತ ತಯಾರಿ

ಮಂಗಳೂರಿನಲ್ಲಿ ಹೃದಯದ ರಕ್ತನಾಳಕ್ಕೆ ಬಲೂನ್ ಹಾಕಿಸಿ ಅಗಲ ಮಾಡಿಸಿಕೊಂಡು ಬಂದ ಆರು ತಿಂಗಳಿಗೆ ಡಾಕ್ಟರು ಟ್ರೆಡ್‌ಮಿಲ್ ಪರೀಕ್ಷೆಗೆ ಕರೆದರು. ನಾಳ ಮತ್ತೆ ಕಿರಿದಾಗಿದ್ದರೆ ಓಡುವ ಬೆಲ್ಟಿನ ಮೇಲೆ ನಡೆಸಿದಾಗ ತಿಳಿಯುತ್ತದಂತೆ. ಕಿರಿದಾಗಿದ್ದರೆ ಮತ್ತೆ ಮಂಗಳೂರು, ಮತ್ತೆ ಬಲೂನು. ಜೊತೆಗೆ ತೋಟದ ಏರು ಹತ್ತುವುದು ಕಾಯಂ ಬಂದ್! ಹೀಗೆಂದು ನನ್ನ ಹೆಂಡತಿ ಶಾರದೆ ಡಾಕ್ಟರಿಗಿಂತ ಮೊದಲೇ ತೀರ್ಪು ಕೊಟ್ಟಿದ್ದಳು.

ನನಗೆ ಒಳಗೊಳಗೇ ಪುಕಪುಕ. ಆದರೂ ಎಸ್ಸೆಸ್ಸೆಲ್ಸಿಯನ್ನೇ ಹದಿನೈದು ದಿನ ಓದಿ ಪಾಸು ಮಾಡಿದವನಿಗೆ ನಡೆಯುವ ಪರೀಕ್ಷೆ ಯಾವ ಲೆಕ್ಕ? ತಯಾರಿ ಮಾಡಿದರಾಯಿತು! ಒಂದು ವಾರ, ಶಾರದೆ ಪೂಜೆಗೆ ಕೂತ ಹೊತ್ತಿನಲ್ಲಿ ಹಿಂಬಾಗಿಲಿನಿಂದ ಜಾರಿ, ಕಾಫಿ ಗಿಡಗಳ ನಡುವೆ ಏರು ಹತ್ತಿ ಇಳಿದೆ. ಪರೀಕ್ಷೆಯ ದಿನ ಬೆಳಿಗ್ಗೆ ಸುರಿಯುವ ಮಳೆಯಲ್ಲೇ ಕೊನೆಯ ರಿವಿಜನ್ನೂ ಮುಗಿಯಿತು. ಕಾಲು ಒರೆಸಲೂ ಪುರುಸೊತ್ತಿಲ್ಲದೆ ಶೂ ಏರಿಸಿ, ಶಾರದೆಯೊಂದಿಗೆ ಆಲ್ದೂರಿನಲ್ಲಿ ಚಿಕ್ಕಮಗಳೂರು ಬಸ್ ಹತ್ತಿದೆ.

ಆಸ್ಪತ್ರೆಯ ಹುಡುಗಿ ಎದೆಗೆ ವೈರು ಅಂಟಿಸಿ ಬೆಲ್ಟ್ ಓಡಿಸಿದಳು. ನಾನು ಎದೆಯುಬ್ಬಿಸಿ ನಡೆದೆ.

"ಇನ್ನೂ ಜೋರು ಮಾಡಮ್ಮಾ!"

ಅವಳು ಜೋರು ಮಾಡುವ ಬದಲು ಕಿಟಾರನೆ ಕಿರುಚಿದಳು. "ಸಾರ್, ರಕ್ತ!"

ಬಿಳಿ ಕಾಲುಚೀಲ ಕೆಂಪಾಗಿತ್ತು. ಬೆಲ್ಟ್ ನಿಲ್ಲಿಸಿ ಬಿಚ್ಚಿದರೆ, ರಕ್ತ ಕುಡಿದು ದುಂಡಗಾದ ಇಂಬಳವೊಂದು, ಮಳೆಗಾಲದ ತೋಟದ ಜಿಗಣೆ, ಉರುಳಿ ಬಿತ್ತು! ರಕ್ತ ಹೆಪ್ಪುಗಟ್ಟದಿರಲಿ ಎಂದು ನಾನು ನುಂಗುತ್ತಿದ್ದ ಮಾತ್ರೆಯೂ ಬಹಳ ಶ್ರದ್ಧೆಯಿಂದ ಕೆಲಸ ಮಾಡುತ್ತಿತ್ತು. ಹತ್ತಿ ಒತ್ತಿದಷ್ಟೂ ಒದ್ದೆ.

ಶಾರದೆ ಇಂಬಳ ನೋಡಿದಳು. ನನ್ನನ್ನು ನೋಡಿದಳು.

"ಇಂಬಳ ಬಸ್ಸಲ್ಲಿ ಹತ್ತುತ್ತೇನ್ರೀ?"

"ಒಮ್ಮೊಮ್ಮೆ..."

"ಸುಳ್ಳು ಹೇಳ್ಬೇಡಿ ಮಾರಾಯ್ರೆ! ಎಷ್ಟು ದಿನದಿಂದ ತೋಟಕ್ಕೆ ಹೋಗ್ತಿದೀರಿ?"

"ಒಂದು ವಾರ."

"ಅಲ್ಲೇ ಬಿದ್ದಿದ್ರೆ ನೋಡೋಕೆ ಯಾರಿದ್ರು?" ಬೈಯುತ್ತಿದ್ದವಳ ಕಣ್ಣು ತುಂಬಿ ಬಂತು. ನನಗೆ ನಾಚಿಕೆಯಾಯಿತು. ಆ ಹುಡುಗಿಯ ಮುಂದೆ ಬೇರೆ!

ಡಾಕ್ಟರು ಕಾಲಿಗೆ ಬ್ಯಾಂಡೇಜು ಬಿಗಿಸಿ ಮತ್ತೆ ನಡೆಸಿದರು. ಈ ಸಲ ನಾನು ಎದೆಯುಬ್ಬಿಸಲಿಲ್ಲ. ಮುಗಿದ ಮೇಲೆ ಅವರು ಗೆರೆಗಳ ಕಾಗದವನ್ನು ಉದ್ದಕ್ಕೂ ಓದಿ, "ಮತ್ತೆ ಕಿರಿದಾದ ಲಕ್ಷಣ ಏನೂ ಕಾಣ್ತಿಲ್ಲ. ಏರು ಹತ್ತಿ, ಆದ್ರೆ ಒಬ್ರೇ ಬೇಡ" ಎಂದರು. ಶಾರದೆ ಕುರ್ಚಿ ಹಿಡಿದು ಕೂತೇಬಿಟ್ಟಳು.

ಈಗ ದಿನಾ ಅವಳೂ ಬರುತ್ತಾಳೆ. ಸೀರೆ ಎತ್ತಿ ಕಟ್ಟಿ, ಮಾತಾಡುತ್ತಲೇ ಸರಸರ ಹತ್ತುತ್ತಾಳೆ. ಪರೀಕ್ಷೆ ಪಾಸಾದ ನಾನು ಮೂರು ಕಡೆ ಕುಕ್ಕರಿಸಿ, "ತಡಿ ಮಾರಾಯ್ತಿ, ಲೇಸ್ ಬಿಚ್ಚಿದೆ" ಎನ್ನುತ್ತೇನೆ. ಅವಳು ಹಿಂತಿರುಗಿ ನೋಡದೆ, ನಾನು ಏಳುವವರೆಗೂ ನಿಂತಿರುತ್ತಾಳೆ.

ನಾನು ಹಾಕಿಕೊಂಡಿರುವುದು ಗಮ್‌ಬೂಟು. ಅದಕ್ಕೆ ಲೇಸೇ ಇಲ್ಲ!