ದೇವಾನಂದನ ರಕ್ತದಲ್ಲಿ ಸಿಕ್ಕಿದ್ದು

ಬೆಳಿಗ್ಗೆ ನಲ್ಲಿಯ ಹತ್ತಿರ ದೇವಾನಂದ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಗಳು ಅನುಜಾಳ ಸಂಶೋಧನೆ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಹೆಮ್ಮೆ ಕುಕ್ಕರಿನ ಉಗಿಯಂತೆ ಒಳಗೇ ಒತ್ತುತ್ತಿತ್ತು.

“ನಮ್ಮ ಮನಿತನದಾಗ ಕೊಬ್ಬಿನ ರೋಗ ಅದರೀ, ಅಜ್ಜನಿಂದ ಬಂದದ್ದು,” ಎಂದು ಪಕ್ಕದ ಮನೆಯ ಶಿವಗಂಗವ್ವನಿಗೆ ಹೇಳಿದ. “ಅದಕ್ಕೂ ಆಲ್ಕೋಹಾಲಿಗೂ ಏನ್ ಸಂಬಂಧ ಅಂತ ಅನುಜಾ ಹುಡುಕ್ಯಾಳ. ನನ್ನ ರಕ್ತಾನೂ ತಗೊಂಡಿದ್ಲು!”

ಶಿವಗಂಗವ್ವ ಕೊಡ ಕೆಳಗಿಟ್ಟಳು. “ಅಯ್ಯ ಶಿವನ! ರಕ್ತದಾಗೂ ಸಿಕ್ತೇನ್ರಿ?”

“ಬೇಕಾದಷ್ಟು ಸಿಕ್ತರಿ!” ಎಂದ. ಅವನು ಹೇಳಿದ್ದು ಕೊಬ್ಬಿನ ಮಾತು.

ಹುಟ್ಟಿದಾಗಿನಿಂದ ಹೆಂಡ ಮುಟ್ಟದ ಮನುಷ್ಯ. ಅಂದು ಸಂಜೆ, ಅವರು ನೆಲೆಸಿದ್ದ ಮರಾಠಿ ಊರು ಭೋಸರಿಯ ಕನ್ನಡ ಸಂಘದವರು ಕುಡಿತ ಬಿಡಿಸುವ ಸಮಿತಿಗೆ ಅಧ್ಯಕ್ಷನನ್ನು ಆರಿಸುವವರಿದ್ದರು. ತನ್ನನ್ನು ಬಿಟ್ಟು ಇನ್ನಾರು ಎಂದು ಇಸ್ತ್ರಿ ಹಾಕಿದ ಅಂಗಿಯನ್ನು ಆಗಲೇ ತೂಗುಹಾಕಿದ್ದ.

ಕಾರ್ಖಾನೆಗೆ ಅವನಿಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಶಿವಗಂಗವ್ವನ ಮಗ ಮಾಂತು ಅಲ್ಲೇ ಕೆಲಸಕ್ಕಿದ್ದ.

“ದೇವಣ್ಣಾ, ಯಾವಾಗಿಂದ ಅದ ಇದು?” ಎಂದು ಮಾಂತು ಹೆಗಲ ಮೇಲೆ ಕೈಯಿಟ್ಟ.

“ಹುಟ್ಟಿದಾಗಿಂದ.”

“ಭಾಳ ಸಣ್ಣಾಂವ ಇದ್ದಾಗ ಚಟ ಹತ್ತ್ಯದ!”

ದೇವಾನಂದನಿಗೆ ಆಗ ಹೊಳೆಯಿತು. “ಕುಡಿಯೂದಲ್ಲೋ ಮಾರಾಯಾ! ನಾವು ಪಾರ್ಟ್ ಒರಸ್ತೀವಲ್ಲ, ಆ ಕ್ಯಾನಿನಾಗಿನ ಆಲ್ಕೋಹಾಲ್!”

ಮಾಂತು ಕ್ಯಾನ್ ಕಡೆ ನೋಡಿದ. ಅರ್ಧ ಖಾಲಿಯಾಗಿತ್ತು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಬಂದ. “ದೇವಾನಂದ, ತೋ ಕ್ಯಾನ್ ಇಕಡೇ ದೇ,” ಎಂದು ಮರಾಠಿಯಲ್ಲಿ ಮೃದುವಾಗಿ ಕೇಳಿ ಇಸಿದುಕೊಂಡು, ಕಪಾಟಿನಲ್ಲಿಟ್ಟು ಬೀಗ ಹಾಕಿದ. ಊಟದ ಹೊತ್ತಿಗೆ ಎಲ್ಲರೂ ತಮ್ಮ ಪಾಲಿನ ಮಜ್ಜಿಗೆಯನ್ನು ಅವನ ಮುಂದಿಟ್ಟರು.

ಮನೆಗೆ ಬಂದರೆ ಹೆಂಡತಿ ಸೋನಾಲಿ ಸಿಡಿಮಿಡಿಗುಟ್ಟುತ್ತಿದ್ದಳು. “ಕುಡಿತ ಬಿಡ್ಲಿ ಅಂತ ಶಿವಗಂಗವ್ವ ಜೇಜುರಿ ಖಂಡೋಬಾ ದೇವ್ರಿಗೆ ನಿಮ್ಮ ಹೆಸರ್ಲೆ ಹರಕಿ ಹೊತ್ತಾಳ!”

“ಹೆದರಬ್ಯಾಡ. ಅನುಜಾ ಸಭಾದಾಗ ಎಲ್ಲಾ ಬಿಡಿಸಿ ಹೇಳ್ತಾಳ,” ಎಂದ ದೇವಾನಂದ, ಎದೆ ಸೆಟೆಸಿ.

ಅನುಜಾ ನಿಜಕ್ಕೂ ಚೆನ್ನಾಗಿ ಹೇಳಿದಳು. “ನಾ ಬಳಸಿದ ಆಲ್ಕೋಹಾಲ್ ಪಾರ್ಟ್ ಒರಸೂ ಅಂಥಾ ಬರೇ ದ್ರಾವಕರಿ. ಅಪ್ಪನ ರಕ್ತದಿಂದ ತಗದು ಗಾಜಿನ ತಟ್ಟಿಯೊಳಗ ಇಟ್ಟ ಜೀವಕೋಶಕ್ಕ ಅದರ ಹನಿ ಹಾಕಿ, ಅದರಾಗಿನ ಕೊಬ್ಬು ಏನಾಗ್ತದ ಅಂತ ನೋಡಿದ್ವಿ. ಮನಷ್ಯಾರು ಕುಡದ್ರ ಜೀವಾನ ಹೋಗ್ತದ. ನಮ್ಮಪ್ಪ ಇವತ್ತಿನವರೆಗೆ ಹೆಂಡದ ರುಚಿ ನೋಡಿಲ್ಲ.”

ದೇವಾನಂದ ಮೀಸೆ ತಿರುವಿದ. ಅವಧೂತ ಎಂಬ ಸಂಘದ ಹಿರಿಯ ಮಾತ್ರ ದೊಡ್ಡ ಉಸಿರುಬಿಟ್ಟ.

“ಎಂಥಾ ಕೆಲಸ ಆತು! ನೀವು ಬರೂಕ್ಕಿಂತ ಮೊದಲ ಎಲ್ಲಾರೂ ಕೂಡಿ ನಿಮ್ಮನ್ನ ಅಧ್ಯಕ್ಷ ಅಂತ ಆರಿಸಿದ್ವಿರಿ. ತಾನಾಗಿ ಒಪ್ಪಿಕೊಂಡ ಕುಡುಕ, ಇಂಥಾವನ ಮಾತಿಗೆ ತೂಕ ಇರ್ತದ ಅಂತ. ಕುಡೀದವ್ರಿಗೆ ಬಿಡೂ ಸಂಕಟ ಏನ್ ಗೊತ್ತರಿ?”

ಹೋದ ದೀಪಾವಳಿಗೆ ಕುಡಿತ ಬಿಟ್ಟಿದ್ದ ಮಾಂತುವಿನ ಕಡೆಗೆ ಹಾರ ಹೊರಟಿತು.

“ತಡೀರಿ!” ದೇವಾನಂದ ಎದ್ದು ನಿಂತ. “ಹುಡುಗ ಇದ್ದಾಗ, ಒಮ್ಮೆ, ಕದ್ದು...”

“ಸುಳ್ಳರೀ!” ಹೆಂಗಸರ ಸಾಲಿನಿಂದ ಸೋನಾಲಿ ಕೂಗಿದಳು. ದಿನವಿಡೀ ಗಂಡನ ಮಾನ ಕಾಯುವುದಕ್ಕಾಗಿ ಕುದ್ದವಳು. “ಇವರು ಕೆಮ್ಮಿನ ಔಷಧಾನೂ ಹೆಂಡದ ವಾಸ್ನಿ ಇಲ್ಲಂತ ನೋಡೇ ಕುಡೀತಾರ!”